ಪೊರಕೆ ಕಡ್ಡಿಯ ಮೈಕ್

ನನ್ನ ಹೆಡ್‌ಫೋನಿಗೆ ಮೈಕ್ ಕೂರಿಸಿದ್ದು ಅಣ್ಣ ಎಂದು ಮನೆಯವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಚ್ಚಾ ರೇಷ್ಮೆಯ ವಾಸನೆ ಬಂದರೆ ಇವತ್ತಿಗೂ ಕೊಳ್ಳೇಗಾಲದ ಮನೆಯ ಆ ಮಧ್ಯಾಹ್ನ ಕಣ್ಣಮುಂದೆ ಬರುತ್ತದೆ.

ಬಂಡಳ್ಳಿಯ ಮಾದೇಶ ನಮ್ಮ ವಿಡಿಯೋ ಗೇಮ್ ತಂಡದ ಕ್ಯಾಪ್ಟನ್. "ಇವತ್ತಿನ್ ಆಟದಲ್ಲೂ ನಿನ್ ದನಿ ಕೇಳ್ದಿದ್ರೆ ಬೇರೆಯವ್ರ್‌ನ ಸೇರುಸ್ಕತೀನಿ ಕಣ್ಲಾ" ಎಂದು ಫೋನಿನಲ್ಲಿ ಹೆದರಿಸಿದ್ದ. ಅಣ್ಣ ಕಾಲರ್ ಮೈಕ್ ತಂದು ವೈರು ಚುಚ್ಚಿದ, ನಿಜ. ಆದರೆ ಅದು ಕಿವಿಯ ಪಕ್ಕ ಜೋತುಬಿದ್ದು ಬರೀ ಗೊರಗೊರ ಎನ್ನುತ್ತಿತ್ತು.

ಮಗ್ಗದಿಂದೆದ್ದು ಬಂದ ಅಜ್ಜಿ ಪೊರಕೆಯ ಕಡ್ಡಿಯೊಂದನ್ನು ಮುರಿದಳು.

"ಟೇಪ್ ಸಾಕು ಬುಡಜ್ಜಿ" ಎಂದ ಅಣ್ಣ.

"ಗಂಟಾಕದ್ನ ನನ್ಗೇ ಯೋಳ್ಕೊಟ್ಟೀಯಾ?"

ಕಡ್ಡಿಯನ್ನು ಹೆಡ್‌ಫೋನಿಗೂ ಮೈಕನ್ನು ಕಡ್ಡಿಯ ತುದಿಗೂ ರೇಷ್ಮೆ ನೂಲಿನಿಂದ ಬಿಗಿದಳು. ಆಮೇಲೆ ತಾನೇ ತಲೆಗೆ ಹಾಕಿಕೊಂಡು ಕೂಗಿದಳು: "ಯಾರಪ್ಪಾ ಅಲ್ಲಿ? ಉಂಡ್ಯಾ?"

ಟಿವಿಯಲ್ಲಿ ನಡೆಯುತ್ತಿದ್ದ ಆಟದಲ್ಲಿ ಮಾದೇಶನ ಬಂದೂಕಿನ ಸದ್ದು ನಿಂತಿತು. ಅವನ ಉತ್ತರ ಕೇಳಿಸಿಕೊಂಡ ಅಜ್ಜಿ, "ಮೊದ್ಲು ಉಣ್ಣೋಗ್ಲಾ" ಎಂದಳು. ಅವನು ಆಟ ಬಿಟ್ಟು ಉಣ್ಣಲು ಹೋದ!

ನನ್ನ ಜಾಗವೇನೋ ಉಳಿಯಿತು. ಆದರೆ ಮರುದಿನದಿಂದ ಅವನ ಮೊದಲ ಮಾತು, "ಅಜ್ಜಿ ಇಲ್ವೇನ್ಲಾ?"

ಮಾದೇಶ, ಈಗಲಾದರೂ ನಿಜ ಹೇಳು: ತಂಡದಲ್ಲಿ ಉಳಿಸಿಕೊಂಡಿದ್ದು ನನ್ನನ್ನೋ, ನಮ್ಮಜ್ಜಿಯನ್ನೋ?