ಹೆಬ್ಬೆರಳ ಗೆರೆ

ಮೂರನೇ ಸಲವೂ ಹಾಜರಿ ಯಂತ್ರದಲ್ಲಿ ಕೆಂಪು ದೀಪವೇ ಹತ್ತಿತು. ಅವಳು ಹೆಬ್ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಕೆಂಪು.

“ಬೆರಳಲ್ಲಿ ಗೆರೇನೇ ಇಲ್ವಲ್ಲಮ್ಮ,” ಎಂದ ಲಾಂಡ್ರಿಯ ಸೂಪರ್‌ವೈಸರ್. “ಸರಿ ಮಾಡ್ಕೊಂಡು ಬಾ. ಅಲ್ಲೀವರೆಗೆ ಹಾಜರಿ ಇಲ್ಲ. ಹಾಜರಿ ಇಲ್ಲ ಅಂದ್ರೆ ಕೆಲಸಾನೂ ಇಲ್ಲ.”

“ಹನ್ನೆರಡು ವರ್ಷದಿಂದ ದಿನಾ ನನ್ನ ಮುಖ ನೋಡ್ತಿದ್ದೀರಲ್ಲ ಸಾರ್, ನಾನು ಯಾರು ಅಂತ ನೀವೇ ಹೇಳಿ.”

“ನಾನು ಹೇಳಿದ್ರೆ ಮಿಷನ್ ಕೇಳುತ್ತಾ?”

ಆ ಹನ್ನೆರಡು ವರ್ಷವೂ ಅವಳು ಹೋಟೆಲುಗಳ ಹೊದಿಕೆ, ದಿಂಬಿನ ಚೀಲಗಳನ್ನು ಬರಿಗೈಯಲ್ಲಿ ತಿಕ್ಕಿದ್ದಳು. ಕಂಪನಿ ಕೊಟ್ಟ ಪುಡಿ ಮೊದಲು ಕಲೆಯನ್ನು ತಿಂದಿತ್ತು, ಆಮೇಲೆ ಬೆರಳನ್ನು.

ಮನೆಯಲ್ಲಿ ಅತ್ತೆ ಅವಳ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೆರಳ ಸಂದುಗಳು ಒಡೆದು ರಕ್ತ ಜಿನುಗುತ್ತಿತ್ತು.

“ಬೀದಿಯವರ ಬಟ್ಟೆ ತಂದು ಮನೇಲೇ ಒಗೀತೀನಿ ಅತ್ತೆ.”

“ಒಗಿ. ಆದ್ರೆ ಆ ಹಾಳು ಪುಡಿ ಈ ಹೊಸಿಲು ದಾಟಿ ಬರಬಾರ್ದು. ಸೋಪು ನಾವೇ ಮಾಡೋಣ. ನಮ್ಮಮ್ಮ ಮಾಡ್ತಿದ್ಲು, ನಂಗೊತ್ತು.”

ಲಾಂಡ್ರಿಯ ಡ್ರಮ್ಮಿಗೆ ಮೊದಲು ಪುಡಿ, ಆಮೇಲೆ ನೀರು. ಆ ರೂಢಿಯಲ್ಲೇ ಅವಳು ಕಾಸ್ಟಿಕ್ ಸೋಡಾವನ್ನು ಪಾತ್ರೆಗೆ ಸುರಿದು ನೀರಿನ ಚೊಂಬೆತ್ತಿದಳು. ಅತ್ತೆ ಮಣಿಕಟ್ಟು ಹಿಡಿದುಬಿಟ್ಟರು.

“ಏಯ್! ಉಕ್ಕಿ ಮುಖಕ್ಕೇ ಹಾರುತ್ತೆ. ನೀರು ಮೊದಲು, ಸೋಡಾ ಆಮೇಲೆ, ಚೂರುಚೂರೇ. ಗ್ಲೌಸ್ ಹಾಕ್ಕೋ.”

“ಲಾಂಡ್ರೀಲಿ ಯಾರೂ ಗ್ಲೌಸ್ ಕೊಡ್ಲೇ ಇಲ್ಲ.”

“ಅದಕ್ಕೇ ಅಲ್ವಾ ಮನೇಲಿ ಕೂತಿದ್ದೀಯ!”

ಸೋಡಾ ನೀರು ಆರಿದ ಮೇಲೆ ಎಣ್ಣೆಗೆ ಬೆರೆಸಿ, ತೋಳು ಬಿದ್ದುಹೋಗುವಷ್ಟು ಹೊತ್ತು ತಿರುವಿ, ಗಟ್ಟಿಯಾದದ್ದನ್ನು ತಟ್ಟೆಗೆ ಹುಯ್ದರು. ಮರುದಿನ ಕತ್ತರಿಸಿ ಬೀರುವಿನ ಮೇಲೆ ಒಣಗಲಿಟ್ಟರು. ಆರು ವಾರ. ಅಷ್ಟು ದಿನವೂ ಅತ್ತೆ ಅವಳಿಗೆ ಬಕೆಟ್ಟು ಮುಟ್ಟಲು ಬಿಡಲಿಲ್ಲ. ಬೀದಿಯವರ ಬಟ್ಟೆಯನ್ನೆಲ್ಲ ಬೀದಿಗೇ ಕೇಳುವಂತೆ ಬೈದುಕೊಳ್ಳುತ್ತ ತಾವೇ ಒಗೆದರು.

ಕೊನೆಗೊಂದು ಬೆಳಿಗ್ಗೆ, ಸೋಡಾದ ಉರಿ ಇನ್ನೂ ಉಳಿದಿದೆಯೇ ಎಂದು ನೋಡಲು ಅತ್ತೆ ಸೋಪಿನ ತುಂಡಿಗೆ ನಾಲಿಗೆಯ ತುದಿ ತಾಗಿಸಿದರು. “ಚುರ್ ಅನ್ನಲಿಲ್ಲ. ನಿನ್ನ ಮಾತಿಗಿಂತ ಮೆತ್ತಗಿದೆ. ಒಗಿ ಇನ್ನು.”

ಅವಳು ಒಂದು ಹೊದಿಕೆ ಒಗೆದಳು. ಕೈ ಉರಿಯಲಿಲ್ಲ. ಸೋಪನ್ನು ಕಲ್ಲಿನ ಮೇಲಿಟ್ಟವಳು ಅಲ್ಲೇ ಬಗ್ಗಿ ನಿಂತಳು.

“ಅತ್ತೆ, ಇಲ್ಲಿ ಬನ್ನಿ!”

ನೆನೆದ ಸೋಪಿನ ಮೇಲೆ ಅವಳ ಹೆಬ್ಬೆರಳು ಅಚ್ಚಾಗಿತ್ತು. ಅದರೊಳಗೆ ಸುತ್ತಿ ಸುತ್ತಿ ಹೋದ ಸಣ್ಣ ಸಣ್ಣ ಗೆರೆಗಳು.

ಮಾರನೆಯ ದಿನ ಲಾಂಡ್ರಿಯ ಹಾಜರಿ ಯಂತ್ರದಲ್ಲಿ ಹಸಿರು ದೀಪ ಹತ್ತಿತು.

“ಸರಿಹೋಯ್ತಲ್ಲ. ನಡಿ ಒಳಗೆ,” ಎಂದ ಸೂಪರ್‌ವೈಸರ್.

ಅವಳು ಕದಲಲಿಲ್ಲ. ಚೀಲದಿಂದ ಸೋಪು ತೆಗೆದು ಅವನ ಮೇಜಿನ ಮೇಲಿಟ್ಟಳು. “ಸರಿಹೋಗಿದ್ದು ನಿಮ್ಮ ಪುಡಿ ಮುಟ್ಟದೆ ಇದ್ದಿದ್ದಕ್ಕೆ ಸಾರ್. ಗ್ಲೌಸ್ ಕೊಡಿ, ಹೋಗ್ತೀನಿ. ನನಗೊಬ್ಬಳಿಗಲ್ಲ.”

ಅವಳ ಹಿಂದೆ ಸಾಲಿನಲ್ಲಿ ಹನ್ನೊಂದು ಮಂದಿ ಹೆಂಗಸರಿದ್ದರು. ಯಾರೂ ಯಂತ್ರದ ಹತ್ತಿರ ಬರಲಿಲ್ಲ. ಒಬ್ಬೊಬ್ಬರಾಗಿ ಗೆರೆ ಸವೆಯುತ್ತಿದ್ದ ತಮ್ಮ ಹೆಬ್ಬೆರಳನ್ನು ಬೆಳಕಿಗೆ ಎತ್ತಿ ಹಿಡಿದರು.