ಮೂರನೇ ಕೂಗು

ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಸಾಕ್ಷಿಯ ಹೆಸರನ್ನು ಗಂಟಲು ಹರಿಯುವಂತೆ ಕೂಗಿದಾಗ ಒಳಗಿದ್ದವರೆಲ್ಲ ಆ ಕಡೆ ತಿರುಗಿದರು. ಕೊಲೆ ಆರೋಪ ಹೊತ್ತು ಕಟಕಟೆಯಲ್ಲಿ ನಿಂತಿದ್ದ ಗುತ್ತಿಗೆದಾರನೊಬ್ಬ ಮಾತ್ರ ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಅದು ಕಣ್ಣಿಗೆ ಬಿದ್ದದ್ದು ಅವನ ವಕೀಲರಿಗೆ.

ನಿನ್ನೆ ಆಫೀಸಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಜಂಬದಲ್ಲಿ ತಾವೇ ಆಡಿದ ಮಾತು ಅವರಿಗೆ ನೆನಪಾಯಿತು. "ಕಣ್ಣಾರೆ ನೋಡಿದವನು ಆ ವಾಚ್‌ಮನ್ ಒಬ್ಬನೇ ಕಣ್ರೀ. ಅವನು ಬರಲಿಲ್ಲ ಅಂದ್ರೆ ಕೇಸೇ ಇಲ್ಲ." ಜಾಮೀನಿನ ಮೇಲೆ ಹೊರಗಿದ್ದ ಗುತ್ತಿಗೆದಾರ ತಣ್ಣಗೆ, "ಅಷ್ಟೇ ತಾನೇ ಸಾರ್?" ಎಂದಿದ್ದ. ವಕೀಲರು ನಕ್ಕುಬಿಟ್ಟಿದ್ದರು.

ಜವಾನ ಎರಡನೇ ಸಲ ಕೂಗಿದ. ಹಿಂದಿನ ಬೆಂಚಿನಿಂದ ವಾಚ್‌ಮನ್ನನ ಹೆಂಡತಿ ಎದ್ದು ನಿಂತಳು. ಅವಳ ಕೈಯಲ್ಲಿ ಗಂಡನ ಕನ್ನಡಕವಿತ್ತು. "ಬರ್ತಾರೆ ಸ್ವಾಮಿ. ಕೋರ್ಟಿನ ಗಾಡಿ ಅಂತ ಬೆಳಿಗ್ಗೆನೇ ಬಂದು ಕರ್ಕೊಂಡು ಹೋದ್ರು. ಆತುರದಲ್ಲಿ ಇದನ್ನೂ ಬಿಟ್ಟು ಹೋಗಿದ್ದಾರೆ."

"ನಾವು ಯಾವ ಗಾಡೀನೂ ಕಳಿಸಿಲ್ವಲ್ಲಮ್ಮ," ಎಂದರು ನ್ಯಾಯಾಧೀಶರು. ಆಮೇಲೆ ವಕೀಲರತ್ತ ನೋಡಿದರು. "ಇದರ ಬಗ್ಗೆ ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ ಮಹಾಸ್ವಾಮಿ." ಅದು ಸುಳ್ಳೇನಲ್ಲ ಎಂದು ವಕೀಲರು ತಮಗೆ ತಾವೇ ಹೇಳಿಕೊಂಡರು.

"ಇನ್ನೊಂದು ಸಲ ಕೂಗಪ್ಪ."

ಜವಾನ ಕೂಗಿದ. ಇಡೀ ಕೋರ್ಟು ಮತ್ತೆ ಬಾಗಿಲ ಕಡೆ ತಿರುಗಿತು. ವಾಚ್‌ಮನ್ನನ ಹೆಂಡತಿ ಕನ್ನಡಕವನ್ನು ಆ ಕಡೆ ಚಾಚಿಯೇಬಿಟ್ಟಳು. ವಕೀಲರು ಫೈಲಿನ ದಾರದ ಗಂಟು ಬಿಚ್ಚುತ್ತಿದ್ದರು. ತಲೆಯೆತ್ತಿದಾಗ ಕಟಕಟೆಯಿಂದ ಗುತ್ತಿಗೆದಾರ ತಮ್ಮನ್ನೇ ನೋಡಿ ನಗುತ್ತಿದ್ದ. ಆಗಲೇ ಅವರಿಗೆ ಹೊಳೆದದ್ದು: ಈ ಸಲ ಬಾಗಿಲ ಕಡೆ ತಿರುಗದವರು ಇಬ್ಬರು.