ಶಬ್ದವಿಲ್ಲದ ಕಾರ್ಟೂನ್

ತಮ್ಮ ರೋಹನ್ ತೀರಿಕೊಂಡ ಮೇಲೆ, ಗ್ಯಾಸಿನ ಉರಿಯಲ್ಲಿ ಬಿಸಿ ಮಾಡಿದ ಖುಬ್ಬೂಸ್ ರೊಟ್ಟಿಯ ವಾಸನೆ ಬಂದಾಗಲೆಲ್ಲ ನನಗೆ ಗಲ್ಫಿನ ಖಾಲಿದಿಯಾ ಬಡಾವಣೆಯ ನಮ್ಮ ಮನೆಯ ಆ ಶುಕ್ರವಾರದ ಮಧ್ಯಾಹ್ನ ನೆನಪಾಗುತ್ತದೆ.

ಪಪ್ಪಾ ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬಟ್ಟೆಯ ಪರದೆಯ ಆಚೆ ಮಲಗಿದ್ದರು. ಅಡುಗೆಮನೆ ಬಿಟ್ಟರೆ ನಮಗಿದ್ದದ್ದು ಒಂದೇ ಕೋಣೆ. ಹಾಗಾಗಿ ಹಗಲು ಟೀವಿಗೆ ಶಬ್ದ ಇರುತ್ತಿರಲಿಲ್ಲ. ಹಳೆಯ ಅಮೆರಿಕನ್ ಕಾರ್ಟೂನಿನಲ್ಲಿ ಬಾಣಲೆ ಬಡಿದು ಬೆಕ್ಕಿನ ಮುಖ ಬಾಣಲೆಯ ಆಕಾರಕ್ಕೆ ತಿರುಗಿದರೂ ಎಲ್ಲ ಮೂಕವಾಗಿಯೇ ನಡೆಯುತ್ತಿತ್ತು. ಶಬ್ದಗಳನ್ನು ರೋಹನ್ ಪಿಸುದನಿಯಲ್ಲಿ ಬಾಯಿಂದಲೇ ಮಾಡುತ್ತಿದ್ದ.

ಅಂದು ಪರದೆ ಸರಿಯಿತು. "ಎಂತ ಮಾರಾಯಾ, ನಿನ್ನ ಬಾಯಲ್ಲಿ ಬ್ಯಾಂಡ್ ಸೆಟ್ ಉಂಟಾ?" ಎಂದು ನಗುತ್ತಾ ಬಂದ ಪಪ್ಪಾ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ನಿದ್ದೆ ಕೆಟ್ಟರೆ ಸಿಡುಕುವ ಪಪ್ಪಾ! ನಾನೂ ಒಂದು ಶಬ್ದ ಮಾಡಿದೆ.

"ನೀನು ದೊಡ್ಡವಳಲ್ವಾ? ಹೋಗಿ ಮಮ್ಮಿಗೆ ಹೆಲ್ಪ್ ಮಾಡು," ಎಂದರು.

ನಾನು ಮಮ್ಮಿ ಕೊಟ್ಟ ಖುಬ್ಬೂಸಿನ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಟೀವಿಯಲ್ಲಿ ಬೆಕ್ಕು ಬಂಡೆಯ ಅಂಚು ದಾಟಿ ಗಾಳಿಯಲ್ಲಿ ಓಡುತ್ತಿತ್ತು. ರೋಹನ್ ಸುಮ್ಮನಿದ್ದ.

"ಸೌಂಡ್ ಎಲ್ಲಿ? ಖಲಾಸಾ?" ಪಪ್ಪಾ ಕೇಳಿದರು.

"ಬೀಳ್ತೇನೆ ಅಂತ ಅದಕ್ಕಿನ್ನೂ ಗೊತ್ತಾಗ್ಲಿಲ್ಲ ಪಪ್ಪಾ." ಆಮೇಲೆ ಅವನು ನನ್ನ ಕಡೆ ತಿರುಗಿದ. "ಅಕ್ಕಾ, ಬೀಳುವ ಸೌಂಡ್ ನೀನು ಮಾಡು. ಯಲ್ಲಾ, ಬೇಗ!"

ಈಗ ಪಪ್ಪಾ ಕೂಡ ನನ್ನನ್ನೇ ನೋಡಿದರು. ನಾನು ಖುಬ್ಬೂಸಿನ ದೊಡ್ಡ ತುಂಡೊಂದನ್ನು ಹರಿದು ಬಾಯಿಗೆ ತುರುಕಿಕೊಂಡೆ.

ಬೆಕ್ಕು ಕೆಳಗೆ ನೋಡಿತು. ಯಾವ ಶಬ್ದವೂ ಇಲ್ಲದೆ ಬಿದ್ದಿತು. ರೋಹನ್ ಇನ್ನೂ ನನ್ನ ಬಾಯನ್ನೇ ನೋಡುತ್ತಿದ್ದ.